ಮೋಟಾರ್ ಸೈಕಲ್ಲಿನ ಟೈಮಿಂಗ್ ಸರಪಳಿ: ಮನೆಯಲ್ಲೇ ಬದಲಿಸುವುದು ಹೇಗೆ?

ಮೋಟಾರ್ ಸೈಕಲ್ಲಿಗೆ ಎಷ್ಟು ಸರಪಳಿಗಳಿವೆ? ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಹೆಚ್ಚಿನ ವಿದ್ಯಾರ್ಥಿಗಳು 'ಒಂದು' ಎನ್ನುತ್ತಾರೆ. ಹಿಂದಿನ ಚಕ್ರವನ್ನು ತಿರುಗಿಸುವ ಸರಪಳಿ ಎಲ್ಲರ ಕಣ್ಣಿಗೂ ಬೀಳುವಂಥದು. ಆದರೆ ಇಂದಿನ ಬಹುಪಾಲು ಮೋಟಾರ್ ಸೈಕಲ್ಲುಗಳ ಎಂಜಿನ್ನಿನ ಒಳಗೆ, ಎಣ್ಣೆಯಲ್ಲಿ ತೊಯ್ದುಕೊಂಡು, ಯಾರ ಕಣ್ಣಿಗೂ ಬೀಳದೆ ಓಡುವ ಇನ್ನೊಂದು ಸಣ್ಣ ಸರಪಳಿ ಇದೆ. ಪುಸ್ತಕಗಳಲ್ಲಿ ಇದರ ಹೆಸರು ಕ್ಯಾಮ್ ಚೈನ್. ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಕರೆಯುವುದು ಟೈಮಿಂಗ್ ಚೈನ್ ಎಂದು. ಈ ಎರಡನೆಯ ಹೆಸರೇ ಅದರ ಕೆಲಸವನ್ನು ಸರಿಯಾಗಿ ಹೇಳುತ್ತದೆ. ಅದು ಶಕ್ತಿಯನ್ನು ಗಾಲಿಗೆ ಸಾಗಿಸುವುದಿಲ್ಲ, ವೇಳೆಯನ್ನು ಕಾಯುತ್ತದೆ.

ಹಿಂದಿನ ಚಕ್ರದ ಸರಪಳಿ ಸವೆದರೆ ವಾಹನ ನಿಧಾನವಾಗಬಹುದು, ಸರಪಳಿ ಕಳಚಿ ಬೀಳಬಹುದು. ಟೈಮಿಂಗ್ ಸರಪಳಿ ಹಲ್ಲು ಹಾರಿದರೆ ಅಥವಾ ತುಂಡಾದರೆ ಎಂಜಿನ್ನೇ ಕೆಡಬಹುದು. ಹೀಗಾಗಿ ಅದನ್ನು ಬದಲಿಸುವ ಕೆಲಸವೆಂದರೆ ಅನೇಕರಿಗೆ ಭಯ. ಈ ಕೆಲಸದಲ್ಲಿ ತೋಳ್ಬಲಕ್ಕಿಂತ ಲೆಕ್ಕ ಮುಖ್ಯ. ಲೆಕ್ಕ ಯಾವುದೆಂದು ತಿಳಿದವರಿಗೆ ಭಯದ ಜಾಗದಲ್ಲಿ ಎಚ್ಚರಿಕೆ ಬರುತ್ತದೆ.

ಎಲ್ಲ ಎಂಜಿನ್ನುಗಳಲ್ಲೂ ಇದೆಯೇ?

ಇಲ್ಲ. 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಯೆಜ್ಡಿ, ಅದೇ ಕಾಲದ ಯಮಹಾ ಆರ್‌ಎಕ್ಸ್ 100 ಮುಂತಾದವು ಎರಡು ಹೊಡೆತಗಳ ಎಂಜಿನ್ನುಗಳು. ಅವುಗಳ ಸಿಲಿಂಡರಿನ ಗೋಡೆಯಲ್ಲಿರುವ ರಂಧ್ರಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಮುಚ್ಚಿ ತೆರೆಯುತ್ತದೆ. ಅಲ್ಲಿ ಕ್ಯಾಮ್ ಇಲ್ಲ, ಟೈಮಿಂಗ್ ಸರಪಳಿಯೂ ಇಲ್ಲ. ಹಳೆಯ ಬುಲೆಟ್ ನಾಲ್ಕು ಹೊಡೆತಗಳದೇ ಆದರೂ ಅದರ ಕ್ಯಾಮ್‌ಗಳು ಕೆಳಗೆ, ಕ್ರ್ಯಾಂಕಿನ ಪಕ್ಕದಲ್ಲಿವೆ. ಹಲ್ಲುಚಕ್ರಗಳು ಅವನ್ನು ತಿರುಗಿಸುತ್ತವೆ, ಉದ್ದನೆಯ ಸಲಾಕೆಗಳು ಕವಾಟಗಳನ್ನು ತಳ್ಳುತ್ತವೆ.

ಕ್ಯಾಮ್ ದಂಡ ಸಿಲಿಂಡರಿನ ತಲೆಯ ಮೇಲೆಯೇ ಇರುವ ಎಂಜಿನ್ನುಗಳಲ್ಲಿ ಮಾತ್ರ ಕ್ರ್ಯಾಂಕಿಗೂ ಕ್ಯಾಮಿಗೂ ನಡುವೆ ಸಾಕಷ್ಟು ದೂರ. ಆ ದೂರವನ್ನು ಸರಪಳಿ ತುಂಬುತ್ತದೆ. ನಮ್ಮ ದೇಶದಲ್ಲಿ 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, ಅನಂತರ 1994ರಲ್ಲಿ ಬಂದ ಸ್ಪ್ಲೆಂಡರ್ ಇಂಥವು. ಸುಮಾರು 97 ಘನ ಸೆಂ.ಮೀ. ಗಾತ್ರದ, ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ, ಮುಂದಕ್ಕೆ ಮಲಗಿದಂತಿರುವ ಈ ಬಗೆಯ ಎಂಜಿನ್ ಹಳ್ಳಿ ಹಳ್ಳಿಗಳಲ್ಲೂ ಇದೆ. ಈ ಲೇಖನದಲ್ಲಿ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ.

ಎರಡಕ್ಕೆ ಒಂದು

ನಾಲ್ಕು ಹೊಡೆತಗಳ ಎಂಜಿನ್ನಿನ ಚಕ್ರವನ್ನು ಪಠ್ಯಪುಸ್ತಕದಲ್ಲಿ ಓದಿದ್ದೀರಿ: ಹೀರುವಿಕೆ, ಸಂಪೀಡನ, ಶಕ್ತಿ, ನಿಷ್ಕಾಸ. ಪಿಸ್ಟನ್ ಒಮ್ಮೆ ಮೇಲಿನಿಂದ ಕೆಳಕ್ಕೆ ಅಥವಾ ಕೆಳಗಿನಿಂದ ಮೇಲಕ್ಕೆ ಸರಿದರೆ ಕ್ರ್ಯಾಂಕ್ ದಂಡ ಅರ್ಧ ಸುತ್ತು ತಿರುಗುತ್ತದೆ. ನಾಲ್ಕು ಹೊಡೆತಗಳಿಗೆ ಎರಡು ಸುತ್ತು. ಈ ಎರಡು ಸುತ್ತುಗಳಲ್ಲಿ ಒಳಕವಾಟ ಒಮ್ಮೆ ಮಾತ್ರ, ಹೊರಕವಾಟ ಒಮ್ಮೆ ಮಾತ್ರ ತೆರೆಯಬೇಕು. ಆದ್ದರಿಂದ ಕವಾಟಗಳನ್ನು ತಳ್ಳುವ ಕ್ಯಾಮ್ ದಂಡ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಬೇಕು.

ಇದನ್ನು ಸಾಧಿಸುವುದು ಬಹು ಸುಲಭ. ಕ್ರ್ಯಾಂಕಿನ ಮೇಲಿನ ಹಲ್ಲುಚಕ್ರಕ್ಕೆ 14 ಹಲ್ಲುಗಳಿದ್ದರೆ ಕ್ಯಾಮಿನ ಚಕ್ರಕ್ಕೆ 28 ಹಲ್ಲುಗಳು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು, ಕ್ಯಾಮ್ 50 ಸುತ್ತು ತಿರುಗುತ್ತವೆ. ಅಂದರೆ ಒಂದೊಂದು ಕವಾಟವೂ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಅನುಪಾತ, ಎರಡು, ಹೊಂದಾಣಿಕೆಯ ಕೋನ. ಅನುಪಾತ ಹಲ್ಲುಗಳ ಎಣಿಕೆಯಲ್ಲೇ ಅಡಗಿದೆ. ಸರಪಳಿಯನ್ನು ಹೇಗೇ ಹಾಕಿದರೂ ಕ್ಯಾಮ್ ಅರ್ಧ ವೇಗದಲ್ಲೇ ತಿರುಗುತ್ತದೆ, ಅದು ತಪ್ಪುವಂತಿಲ್ಲ. ಆದರೆ ಪಿಸ್ಟನ್ ಎಲ್ಲಿರುವಾಗ ಕವಾಟ ತೆರೆಯಬೇಕು ಎಂಬುದು ಸರಪಳಿಯನ್ನು ಹಾಕುವವರ ಕೈಯಲ್ಲಿದೆ. ಎರಡು ಗಡಿಯಾರಗಳು ಸಮಾನ ವೇಗದಲ್ಲಿ ಓಡುತ್ತಿದ್ದರೂ ಒಂದು ಹತ್ತು ನಿಮಿಷ ಹಿಂದಿರಬಹುದಲ್ಲವೇ? ಹಾಗೆಯೇ ಇದು. ಸರಪಳಿ ಬದಲಿಸುವ ಕೆಲಸದ ಎಚ್ಚರಿಕೆಗಳಲ್ಲಿ ಬಹುಪಾಲು ಈ ಕೋನಕ್ಕಾಗಿ.

ಸರಪಳಿ ಹಿಗ್ಗುತ್ತದೆಯೇ?

'ಟೈಮಿಂಗ್ ಚೈನ್ ಉದ್ದ ಆಗಿದೆ' ಎಂದು ಮೆಕ್ಯಾನಿಕ್ ಹೇಳುವುದನ್ನು ಕೇಳಿರುತ್ತೀರಿ. ಉಕ್ಕಿನ ತಟ್ಟೆಗಳು ರಬ್ಬರಿನಂತೆ ಹಿಗ್ಗಿವೆ ಎಂದು ಇದರ ಅರ್ಥವಲ್ಲ. ಸರಪಳಿಯ ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಅದರ ಸುತ್ತ ಒಂದು ಪುಟ್ಟ ಕೊಳವೆ ಅಥವಾ ಬುಷ್ ಇರುತ್ತದೆ. ಹಲ್ಲುಚಕ್ರವನ್ನು ಏರುವಾಗಲೂ ಇಳಿಯುವಾಗಲೂ ಕೀಲು ಮಡಿಯುತ್ತದೆ, ಪಿನ್ನು ಬುಷ್ಷಿಗೆ ಉಜ್ಜುತ್ತದೆ. ಉಜ್ಜಿದಷ್ಟೂ ಎರಡೂ ಸವೆಯುತ್ತವೆ, ನಡುವಿನ ಸಂದು ಹೆಚ್ಚುತ್ತದೆ.

ಎಷ್ಟು ಬಾರಿ ಉಜ್ಜುತ್ತದೆ? ಒಂದು ಅಂದಾಜು ಮಾಡೋಣ. ಮೇಲಿನ ಗೇರಿನಲ್ಲಿ ಈ ಬಗೆಯ ವಾಹನ ಒಂದು ಕಿ.ಮೀ. ಸಾಗುವಾಗ ಕ್ರ್ಯಾಂಕ್ ಸುಮಾರು 6000 ಸುತ್ತು ತಿರುಗುತ್ತದೆ. 40,000 ಕಿ.ಮೀ.ಗೆ 24 ಕೋಟಿ ಸುತ್ತು! ಸರಪಳಿಗೆ 90 ಕೊಂಡಿಗಳಿವೆ ಎಂದಿಟ್ಟುಕೊಂಡರೆ, ಕ್ರ್ಯಾಂಕಿನ ಒಂದು ಸುತ್ತಿಗೆ 14 ಕೊಂಡಿಗಳು ಸಾಗುವುದರಿಂದ, ಇಡೀ ಸರಪಳಿ ಸುಮಾರು 3.7 ಕೋಟಿ ಬಾರಿ ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ಎರಡು ಹಲ್ಲುಚಕ್ರಗಳಲ್ಲಿ ಏರಿ ಇಳಿಯುವಾಗ ಒಂದು ಕೀಲು ಕನಿಷ್ಠ ನಾಲ್ಕು ಬಾರಿ ಬಾಗುತ್ತದೆ. ಒಟ್ಟು ಸುಮಾರು 15 ಕೋಟಿ ಬಾರಿ! ಎಣ್ಣೆಯ ಪದರ ನಡುವೆ ಇಲ್ಲದಿದ್ದರೆ ಯಾವ ಉಕ್ಕೂ ಇದನ್ನು ತಾಳಲಾರದು. ಎಂಜಿನ್ ಎಣ್ಣೆಯನ್ನು ವೇಳೆಗೆ ಸರಿಯಾಗಿ ಬದಲಿಸದವರ ವಾಹನದಲ್ಲಿ ಈ ಸರಪಳಿ ಬೇಗ ಸವೆಯುವುದು ಏಕೆಂದು ಈಗ ತಿಳಿಯಿತಲ್ಲವೇ?

ಒಂದೊಂದು ಕೀಲಿನಲ್ಲಿ 0.02 ಮಿ.ಮೀ. ಸವೆತವಾಯಿತೆನ್ನೋಣ. ಇದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆದರೆ 90 ಕೀಲುಗಳದ್ದು ಸೇರಿದರೆ 1.8 ಮಿ.ಮೀ. ಆಯಿತು. ಇದರ ಪರಿಣಾಮ ಎರಡು ಬಗೆಯದು. ಮೊದಲನೆಯದು, ಸಡಿಲವಾದ ಸರಪಳಿ ಅಕ್ಕಪಕ್ಕದ ಗೋಡೆಗೆ ಬಡಿದು ಸದ್ದು ಮಾಡುತ್ತದೆ. ಎರಡನೆಯದು, ಕ್ರ್ಯಾಂಕ್ ಕ್ಯಾಮನ್ನು ಎಳೆಯುವ ಬದಿಯ ಸರಪಳಿ ಉದ್ದವಾದುದರಿಂದ ಕ್ಯಾಮ್ ಸ್ವಲ್ಪ ಹಿಂದೆ ಬೀಳುತ್ತದೆ. ಆ ಬದಿಯಲ್ಲಿ 35 ಕೊಂಡಿಗಳಿದ್ದರೆ ಹೆಚ್ಚಿದ ಉದ್ದ 0.7 ಮಿ.ಮೀ. ಕೊಂಡಿಯ ಅಳತೆ 6.35 ಮಿ.ಮೀ. ಆದಾಗ ಕ್ಯಾಮ್ ಚಕ್ರದ ಸುತ್ತಳತೆ 28 × 6.35 = 177.8 ಮಿ.ಮೀ. ಇದರಲ್ಲಿ 0.7 ಮಿ.ಮೀ. ಎಂದರೆ ಸುಮಾರು 1.4 ಡಿಗ್ರಿ. ಕ್ರ್ಯಾಂಕಿನ ಲೆಕ್ಕದಲ್ಲಿ ಅದರ ಎರಡರಷ್ಟು, ಅಂದರೆ 2.8 ಡಿಗ್ರಿ. ಕವಾಟಗಳೆಲ್ಲ ಅಷ್ಟು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ.

ಸಡಿಲವನ್ನು ಹೀರಿಕೊಳ್ಳಲು ಎಂಜಿನ್ನಿನಲ್ಲಿ ಟೆನ್ಷನರ್ ಎಂಬ ಏರ್ಪಾಡಿದೆ. ಸ್ಪ್ರಿಂಗಿನ ಒತ್ತಡದಿಂದ ಒಂದು ಸಲಾಕೆ ತೋಳನ್ನು ತಳ್ಳುತ್ತದೆ, ತೋಳು ಸರಪಳಿಯ ಸಡಿಲವಾದ ಬದಿಯನ್ನು ಒತ್ತಿ ಹಿಡಿಯುತ್ತದೆ. ಟೆನ್ಷನರ್ ಸದ್ದನ್ನು ಅಡಗಿಸುತ್ತದೆ ನಿಜ. ಆದರೆ ಎಳೆಯುವ ಬದಿಯ ಉದ್ದವನ್ನು ಅದು ಕಡಿಮೆ ಮಾಡಲಾರದು. ಸದ್ದಿಲ್ಲವೆಂದ ಮಾತ್ರಕ್ಕೆ ವೇಳೆ ಸರಿಯಾಗಿದೆ ಎನ್ನುವಂತಿಲ್ಲ.

ಬದಲಿಸಲೇಬೇಕೆ?

ಸಿಲಿಂಡರಿನ ಎಡಬದಿಯಿಂದ ಗರಗರ ಎಂಬ ಸದ್ದು, ಅದರಲ್ಲೂ ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾಗುವ ಸದ್ದು, ಟೈಮಿಂಗ್ ಸರಪಳಿಯ ಗುರುತು. ಕವಾಟದ ಸದ್ದು ಬೇರೆ. ಅದು ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಕೇಳುತ್ತದೆ. ಸರಪಳಿಯನ್ನು ದೂರುವ ಮೊದಲು ಎಣ್ಣೆಯ ಮಟ್ಟ, ಕವಾಟಗಳ ಸಂದು, ಟೆನ್ಷನರಿನ ಸ್ಪ್ರಿಂಗ್ ಈ ಮೂರನ್ನೂ ನೋಡಬೇಕು. ಎಷ್ಟೋ ಬಾರಿ ತೊಂದರೆ ಇವುಗಳಲ್ಲೇ ಇರುತ್ತದೆ.

ವಾರಂಟಿ ಮುಗಿಯದ ವಾಹನವನ್ನು ಮನೆಯಲ್ಲಿ ಬಿಚ್ಚಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ವಾಹನಗಳಲ್ಲಿ ಕ್ರ್ಯಾಂಕಿನ ಸ್ಥಾನವನ್ನು ಅರಿಯುವ ಸಂವೇದಕವೂ ಅದರ ತಂತಿಗಳೂ ಇದೇ ಜಾಗದಲ್ಲಿರುವುದರಿಂದ ಇನ್ನಷ್ಟು ಎಚ್ಚರ ಬೇಕು. ನಿಮ್ಮ ಮಾದರಿಯ ದುರಸ್ತಿ ಕೈಪಿಡಿ, ಮ್ಯಾಗ್ನೆಟ್ ಎಳೆಯುವ ಪುಲ್ಲರ್, ಅದನ್ನು ಹಿಡಿದು ನಿಲ್ಲಿಸುವ ಹೋಲ್ಡರ್, ಫೀಲರ್ ಗೇಜ್, ಟಾರ್ಕ್ ರೆಂಚ್ ಇವು ಕೈಯಲ್ಲಿಲ್ಲದಿದ್ದರೆ ಕೆಲಸಕ್ಕೆ ಇಳಿಯದಿರುವುದೇ ಜಾಣತನ.

ಕೆಲಸದ ಕ್ರಮ

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಎಣ್ಣೆಯನ್ನು ಡಬ್ಬಿಗೆ ಇಳಿಸಿಕೊಳ್ಳಿ. ಅದನ್ನು ಚರಂಡಿಗೂ ಮಣ್ಣಿಗೂ ಚೆಲ್ಲದೆ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

2. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ. ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳುವುದು ತಪ್ಪುವುದರಿಂದ ಎಂಜಿನ್ನನ್ನು ಕೈಯಿಂದ ಸಲೀಸಾಗಿ ತಿರುಗಿಸಬಹುದು. ಎಲ್ಲಿಯಾದರೂ ಅಡ್ಡಿಯಾದರೆ ಕೈಗೆ ಕೂಡಲೇ ಗೊತ್ತಾಗುತ್ತದೆ.

3. ಎಡಬದಿಯ ಮ್ಯಾಗ್ನೆಟ್ ಮುಚ್ಚಳ, ಸಿಲಿಂಡರ್ ತಲೆಯ ಪಕ್ಕದ ಮುಚ್ಚಳ, ಎರಡು ಟ್ಯಾಪೆಟ್ ಮುಚ್ಚಳಗಳನ್ನು ತೆಗೆಯಿರಿ. ಮ್ಯಾಗ್ನೆಟ್ಟನ್ನು ಅಪ್ರದಕ್ಷಿಣವಾಗಿ, ಅಂದರೆ ಎಡಬದಿಯಿಂದ ನೋಡಿದಾಗ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ. ಅದರ ಮೇಲಿನ ಇಂಗ್ಲಿಷಿನ 'ಟಿ' ಅಕ್ಷರದ ಗೆರೆ ಕವಚದ ಗುರುತಿಗೆ ನೇರವಾದಾಗ ಪಿಸ್ಟನ್ ತನ್ನ ದಾರಿಯ ಮೇಲ್ತುದಿಯಲ್ಲಿದೆ ಎಂದರ್ಥ. ಆಗ ಕ್ಯಾಮ್ ಚಕ್ರದ ಮೇಲಿನ ಸೊನ್ನೆಯಾಕಾರದ ಗುರುತು ಸಿಲಿಂಡರ್ ತಲೆಯ ಗೀರಿನ ಎದುರು ಇರಬೇಕು. ಇಲ್ಲದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಹಳೆಯ ಸರಪಳಿಯೊಂದಿಗೆ ಈ ಗುರುತು ಗೀರಿಗಿಂತ ಎಷ್ಟು ಹಿಂದೆ ನಿಂತಿದೆ ಎಂದು ನೋಡಿಕೊಳ್ಳಿ. ಸವೆತಕ್ಕೆ ಅದೇ ಸಾಕ್ಷಿ.

4. ಟೆನ್ಷನರಿನ ಬೋಲ್ಟನ್ನು ಬಿಚ್ಚಿ, ಸ್ಪ್ರಿಂಗ್ ಚಿಮ್ಮದಂತೆ ಕೈ ಅಡ್ಡ ಹಿಡಿದು ಹೊರತೆಗೆಯಿರಿ. ಭಾಗಗಳನ್ನು ಬಂದ ಕ್ರಮದಲ್ಲೇ ಒಂದು ಕಾಗದದ ಮೇಲೆ ಸಾಲಾಗಿ ಜೋಡಿಸಿಡಿ. ಅನಂತರ ಕ್ಯಾಮ್ ಚಕ್ರದ ಬೋಲ್ಟುಗಳನ್ನು ಬಿಚ್ಚಿ. ಇದಕ್ಕೆ ಮುಂಚೆ ಕೆಳಗಿನ ಸಂದಿಗೆ ಶುಭ್ರವಾದ ಬಟ್ಟೆ ತುರುಕುವುದನ್ನು ಮರೆಯಬೇಡಿ. ಒಂದು ಬೋಲ್ಟು ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾದೀತು.

5. ಕ್ರ್ಯಾಂಕಿನ ಹಲ್ಲುಚಕ್ರ ಮ್ಯಾಗ್ನೆಟ್ಟಿನ ಹಿಂದಿದೆ. ಹೋಲ್ಡರಿನಿಂದ ಹಿಡಿದು ನಟ್ಟು ಬಿಚ್ಚಿ, ಪುಲ್ಲರಿನಿಂದ ಮ್ಯಾಗ್ನೆಟ್ಟನ್ನು ಎಳೆಯಿರಿ. ಸುತ್ತಿಗೆಯಿಂದ ಹೊಡೆಯಬಾರದು. ಪೆಟ್ಟಿಗೆ ಅಯಸ್ಕಾಂತಗಳು ಸಡಿಲಗೊಳ್ಳುತ್ತವೆ, ಕ್ರ್ಯಾಂಕಿನ ಬೇರಿಂಗಿಗೂ ಏಟು ತಗಲುತ್ತದೆ. ದಂಡದ ಮೇಲಿನ ಅರ್ಧಚಂದ್ರಾಕಾರದ ಚಿಕ್ಕ ಕೀಲಿಯನ್ನು ಜೋಪಾನವಾಗಿ ತೆಗೆದಿಡಿ. ಮ್ಯಾಗ್ನೆಟ್ಟಿನ ಸ್ಥಾನವನ್ನೂ ಆ ಮೂಲಕ ಕಿಡಿಯ ವೇಳೆಯನ್ನೂ ನಿರ್ಧರಿಸುವುದು ಅದೇ.

6. ತಂತಿಸುರುಳಿಗಳಿರುವ ತಟ್ಟೆಯನ್ನು, ಅದರ ಸ್ಥಾನಕ್ಕೆ ಗುರುತು ಮಾಡಿಕೊಂಡು ಬಿಚ್ಚಿ. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳು ಗಟ್ಟಿಯಾಗಿದ್ದರೆ ಹೊಸದನ್ನೇ ಹಾಕಬೇಕು. ಸರಪಳಿಗೆ ದಾರಿ ತೋರುವ ರಬ್ಬರ್ ಉರುಳೆಯ ಪಿನ್ನನ್ನು ಬಿಚ್ಚಿ ಹಳೆಯ ಸರಪಳಿಯನ್ನು ಹೊರಗೆಳೆಯಿರಿ. ಉರುಳೆಗಳು ಸೀಳಿವೆಯೇ, ಹಲ್ಲುಗಳ ತುದಿ ಕೊಕ್ಕೆಯಂತೆ ಬಾಗಿ ಸವೆದಿವೆಯೇ ಪರೀಕ್ಷಿಸಿ. ಸವೆದ ಹಲ್ಲಿನ ಮೇಲೆ ಹೊಸ ಸರಪಳಿ ಬಹಳ ದಿನ ಬಾಳುವುದಿಲ್ಲ.

ಮ್ಯಾಗ್ನೆಟ್ಟನ್ನು ಬಿಚ್ಚುವ ಶ್ರಮ ತಪ್ಪಿಸಲು ಕೆಲವರು ಹಳೆಯ ಸರಪಳಿಯನ್ನು ಮೇಲಿನಿಂದಲೇ ಕತ್ತರಿಸಿ, ಹೊಸದನ್ನು ಅದಕ್ಕೆ ಕಟ್ಟಿ ಎಳೆದು, ಕೊಂಡಿ ಬೆಸೆಯುತ್ತಾರೆ. ಈ ಸರಪಳಿಗಳು ಬರುವುದೇ ಕೊನೆಮೊದಲಿಲ್ಲದ ಬಳೆಯಂತೆ. ಕತ್ತರಿಸುವಾಗ ಉದುರುವ ಉಕ್ಕಿನ ಪುಡಿ ಎಣ್ಣೆಯೊಂದಿಗೆ ಬೇರಿಂಗಿಗೆ ಹೋಗುತ್ತದೆ. ಕೈಯಲ್ಲಿ ಬೆಸೆದ ಒಂದು ಕೊಂಡಿ ಕೋಟಿಗಟ್ಟಲೆ ಬಾರಿ ಬಾಗಬೇಕೆಂಬುದೂ ನೆನಪಿರಲಿ.

7. ಹೊಸ ಸರಪಳಿಯನ್ನು ಎಂಜಿನ್ ಎಣ್ಣೆಯಲ್ಲಿ ಅದ್ದಿ ತೆಗೆದು ಕ್ರ್ಯಾಂಕಿನ ಹಲ್ಲುಗಳ ಮೇಲೆ ಕೂರಿಸಿ. ಇನ್ನೊಂದು ತುದಿಯನ್ನು ದಾರದಿಂದ ಕಟ್ಟಿ ಮೇಲಕ್ಕೆಳೆದು ಹಿಡಿದುಕೊಳ್ಳಿ. ಉರುಳೆ, ತಟ್ಟೆ, ಕೀಲಿ, ಮ್ಯಾಗ್ನೆಟ್ಟುಗಳನ್ನು ಮರಳಿ ಜೋಡಿಸಿ, ನಟ್ಟನ್ನು ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ. 'ಟಿ' ಗೆರೆಯನ್ನು ಮತ್ತೆ ಗುರುತಿಗೆ ತನ್ನಿ.

8. ಸೊನ್ನೆ ಗುರುತು ಗೀರಿನ ಎದುರು ಬರುವಂತೆ ಕ್ಯಾಮ್ ಚಕ್ರವನ್ನು ಸರಪಳಿಯೊಳಗೆ ಕೂರಿಸಿ ದಂಡಕ್ಕೆ ಬೋಲ್ಟು ಹಾಕಿ. ಎಳೆಯುವ ಬದಿಯಲ್ಲಿ, ಅಂದರೆ ಕ್ಯಾಮಿನಿಂದ ಕ್ರ್ಯಾಂಕಿನ ಕಡೆಗೆ ಸಾಗುವ ಬದಿಯಲ್ಲಿ, ಸರಪಳಿ ಬಿಗಿಯಾಗಿರಬೇಕು. ಸಡಿಲವೆಲ್ಲ ಟೆನ್ಷನರಿನ ಬದಿಗೆ ಹೋಗಬೇಕು. ಇದನ್ನು ಗಮನಿಸದೆ ಕೂರಿಸಿದರೆ ಗುರುತುಗಳು ಸರಿಯಾಗಿ ಕಂಡರೂ, ಟೆನ್ಷನರ್ ಹಾಕಿದೊಡನೆ ಒಂದು ಹಲ್ಲಿನಷ್ಟು ವ್ಯತ್ಯಾಸ ಬಂದಿರುತ್ತದೆ. ಅನಂತರ ಟೆನ್ಷನರನ್ನು ಜೋಡಿಸಿ.

9. ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಸಂದಿಯಲ್ಲಿಟ್ಟ ಬಟ್ಟೆಯನ್ನು ತೆಗೆದು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಿ. ಕ್ಯಾಮ್ ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬರುತ್ತದೆ. ಎರಡೂ ಗುರುತುಗಳು ಮತ್ತೆ ಎದುರುಬದುರಾಗಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಕವಾಟ ಪಿಸ್ಟನ್ನಿಗೆ ತಾಗಿರಬಹುದು. ಬಿಚ್ಚಿ ಮತ್ತೆ ಹೊಂದಿಸಿ.

10. ಗುರುತುಗಳು ಎದುರುಬದುರಾಗಿರುವಾಗ ಎರಡೂ ಟ್ಯಾಪೆಟ್ಟುಗಳು ಸ್ವಲ್ಪ ಸಡಿಲವಾಗಿರಬೇಕು. ಸಂದನ್ನು ಫೀಲರ್ ಗೇಜಿನಿಂದ ಕೈಪಿಡಿಯ ಅಳತೆಗೆ ಸರಿಪಡಿಸಿ. ಮುಚ್ಚಳಗಳನ್ನೂ ಪ್ಲಗ್ಗನ್ನೂ ಹಾಕಿ, ಹೊಸ ಎಣ್ಣೆ ತುಂಬಿ, ಆಮೇಲೆ ಕಿಕ್ ಒದೆಯಿರಿ. ಸದ್ದನ್ನು ಆಲಿಸಿ. ಎಣ್ಣೆ ಎಲ್ಲಾದರೂ ಜಿನುಗುತ್ತಿದೆಯೇ ನೋಡಿ.

ಯಾವ ಮೇಲ್ತುದಿ?

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬರು ಒಂದು ಪ್ರಶ್ನೆ ಎತ್ತಬಹುದು. ಪಿಸ್ಟನ್ ಎರಡು ಸುತ್ತುಗಳಲ್ಲಿ ಎರಡು ಬಾರಿ ಮೇಲ್ತುದಿಗೆ ಬರುತ್ತದೆ: ಸಂಪೀಡನದ ಕೊನೆಗೆ ಒಮ್ಮೆ, ನಿಷ್ಕಾಸದ ಕೊನೆಗೆ ಒಮ್ಮೆ. ಸರಪಳಿ ಇಲ್ಲದಿರುವಾಗ ಈಗಿನದು ಯಾವುದೆಂದು ತಿಳಿಯುವುದು ಹೇಗೆ? ಉತ್ತರ ಸ್ವಾರಸ್ಯಕರವಾಗಿದೆ. ಸರಪಳಿ ಇಲ್ಲದಿರುವಾಗ ಎರಡಕ್ಕೂ ಭೇದವೇ ಇಲ್ಲ! ಪಿಸ್ಟನ್ನಿಗೂ ಕ್ರ್ಯಾಂಕಿಗೂ ತಾವು ಯಾವ ಹೊಡೆತದಲ್ಲಿದ್ದೇವೆಂದು ಗೊತ್ತಿರುವುದಿಲ್ಲ. ಅದನ್ನು ನಿರ್ಧರಿಸುವುದು ಕ್ಯಾಮ್. ಎರಡೂ ಕವಾಟಗಳು ಮುಚ್ಚಿರುವಂತೆ ಕ್ಯಾಮನ್ನು ಕೂರಿಸಿದರೆ ಅದೇ ಸಂಪೀಡನದ ಮೇಲ್ತುದಿಯಾಗುತ್ತದೆ. ಕಾರ್ಬುರೇಟರ್ ಇದ್ದ ಕಾಲದ ಈ ಬಗೆಯ ಎಂಜಿನ್ನುಗಳಲ್ಲಿ ಕಿಡಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಹಾರುತ್ತದೆ. ನಿಷ್ಕಾಸದ ಕೊನೆಯಲ್ಲಿ ಹಾರುವ ಕಿಡಿ ಸುಮ್ಮನೆ ವ್ಯರ್ಥವಾಗುತ್ತದೆ, ಅಷ್ಟೆ.

ಒಂದು ಹಲ್ಲು ತಪ್ಪಿದರೆ?

28 ಹಲ್ಲುಗಳ ಚಕ್ರದಲ್ಲಿ ಒಂದು ಹಲ್ಲಿನ ಪಾಲು 360 ÷ 28 = 12.86 ಡಿಗ್ರಿ. ಕ್ರ್ಯಾಂಕಿನ ಲೆಕ್ಕದಲ್ಲಿ 25.7 ಡಿಗ್ರಿ. ಸವೆತದಿಂದ ಬಂದ 2.8 ಡಿಗ್ರಿಗೆ ಇದನ್ನು ಹೋಲಿಸಿ ನೋಡಿ. ಹೊಸ ಸರಪಳಿಯನ್ನು ಒಂದು ಹಲ್ಲು ತಪ್ಪಿಸಿ ಹಾಕುವುದಕ್ಕಿಂತ ಸವೆದದ್ದೇ ಇದ್ದರೆ ಮೇಲು! ಒಳಕವಾಟ ತಡವಾಗಿ ಮುಚ್ಚಿದರೆ ಹೀರಿಕೊಂಡ ಮಿಶ್ರಣದ ಒಂದು ಭಾಗ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಎಂಜಿನ್ ಕಷ್ಟದಿಂದ ಹೊತ್ತಿಕೊಳ್ಳುತ್ತದೆ, ಏರು ಹತ್ತುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ವ್ಯತ್ಯಾಸ ಇನ್ನೂ ಹೆಚ್ಚಾದರೆ ಹಲವು ಎಂಜಿನ್ನುಗಳಲ್ಲಿ ತೆರೆದ ಕವಾಟಕ್ಕೆ ಪಿಸ್ಟನ್ ಬಡಿದು ಕವಾಟ ಬಾಗುತ್ತದೆ. ಒಂಬತ್ತನೆಯ ಹೆಜ್ಜೆಯನ್ನು ಒತ್ತಿ ಹೇಳಿದ್ದು ಇದಕ್ಕಾಗಿಯೇ. ಕೈಯಿಂದ ತಿರುಗಿಸುವಾಗ ತಗಲುವ ಕವಾಟ ಎಚ್ಚರಿಸುತ್ತದೆ, ಸೆಕೆಂಡಿಗೆ ಹತ್ತಾರು ಸುತ್ತು ತಿರುಗುವಾಗ ತಗಲುವ ಕವಾಟ ಎಚ್ಚರಿಸುವುದಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಎಂಜಿನ್ ಬಿಚ್ಚದೆಯೂ ಸವೆತವನ್ನು ಅಳೆಯಬಹುದು. ಇದಕ್ಕೆ ಬೇಕಾದದ್ದು ಹಳೆಯ ಮತ್ತು ಹೊಸ ಬೈಸಿಕಲ್ ಸರಪಳಿಗಳು ಹಾಗೂ ಉದ್ದನೆಯ ಅಳತೆಪಟ್ಟಿ. ಬೈಸಿಕಲ್ ಸರಪಳಿಯ ಎರಡು ಪಿನ್ನುಗಳ ನಡುವಿನ ಅಂತರ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಆದ್ದರಿಂದ 24 ಅಂತರಗಳು ಸರಿಯಾಗಿ 304.8 ಮಿ.ಮೀ. ಆಗಬೇಕು. ಹಳೆಯ ಸರಪಳಿಯನ್ನು ಎಳೆದು ಹಿಡಿದು ಅಳೆಯಿರಿ. 3 ಮಿ.ಮೀ. ಹೆಚ್ಚಿದ್ದರೆ ಸವೆತ ಸುಮಾರು ಶೇಕಡ 1. ಅದನ್ನು 24ರಿಂದ ಭಾಗಿಸಿ. ಒಂದು ಕೀಲಿನ ಸವೆತ ಎಷ್ಟೆಂದು ಸಿಗುತ್ತದೆ. ಕಣ್ಣಿಗೆ ಕಾಣದ ಅಳತೆಯನ್ನು ಸಾಧಾರಣ ಅಳತೆಪಟ್ಟಿಯಿಂದ ಕಂಡುಹಿಡಿದಂತಾಯಿತಲ್ಲವೇ?

ಇನ್ನೊಂದು ಚಟುವಟಿಕೆ: ರಟ್ಟಿನಲ್ಲಿ 14 ಮತ್ತು 28 ಹಲ್ಲುಗಳ ಎರಡು ಚಕ್ರಗಳನ್ನು ಕತ್ತರಿಸಿ, ಒಂದಕ್ಕೊಂದು ಹಲ್ಲು ಕೂಡುವಂತೆ ಹಲಗೆಯ ಮೇಲೆ ಮೊಳೆಗೆ ಸಿಕ್ಕಿಸಿ. ಸರಪಳಿ ಬೇಡ. ಚಕ್ರಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆಂಬುದನ್ನು ಬಿಟ್ಟರೆ ಅನುಪಾತ ಅದೇ. ಎರಡಕ್ಕೂ ಬಣ್ಣದ ಗುರುತು ಹಾಕಿ ಎದುರುಬದುರು ನಿಲ್ಲಿಸಿ. ಚಿಕ್ಕ ಚಕ್ರವನ್ನು ಒಂದು ಸುತ್ತು ತಿರುಗಿಸಿದಾಗ ಗುರುತುಗಳು ಕೂಡುತ್ತವೆಯೇ? ಎರಡು ಸುತ್ತು ತಿರುಗಿಸಿದಾಗ? ಈಗ ದೊಡ್ಡ ಚಕ್ರವನ್ನು ಎತ್ತಿ ಒಂದು ಹಲ್ಲು ಸರಿಸಿ ಇಡಿ. ಎಷ್ಟು ಸುತ್ತು ತಿರುಗಿಸಿದರೂ ತಪ್ಪು ತಾನಾಗಿ ಸರಿಹೋಗುವುದಿಲ್ಲ, ಹೆಚ್ಚುವುದೂ ಇಲ್ಲ. ಅನುಪಾತ ಸರಿಯಾಗಿಯೇ ಇದ್ದು ಹೊಂದಾಣಿಕೆ ಮಾತ್ರ ತಪ್ಪಿರುವುದು ಎಂದರೆ ಏನೆಂದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಗ್ಯಾರೇಜಿನಲ್ಲಿ ಗುರುತುಗಳನ್ನು ಎರಡೆರಡು ಬಾರಿ ನೋಡುವ ಮೆಕ್ಯಾನಿಕ್ ಕಾಯುತ್ತಿರುವುದೂ ಇದನ್ನೇ.